ಕೆಂಚಿಯ ಊಟದ ಕೈ

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಆಗಷ್ಟೇ ತಿಳಿದಿತ್ತು. ಮನುಷ್ಯರಿಗೆ ಆಗ ಹಲ್ಲಿರಲಿಲ್ಲ. ಊಟದ ಕೈ ಎಂಬುದೂ ಇರಲಿಲ್ಲ. ಎಲ್ಲರೂ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಹಾಲು ಕುಡಿಯುತ್ತಿದ್ದರು, ಅಷ್ಟೇ.

ಒಂದು ಬೇಸಿಗೆಯಲ್ಲಿ ಹಸುಗಳ ಹಾಲು ಬತ್ತಿತು. ಮನೆಯಲ್ಲಿ ಕಡಲೆ ಇತ್ತು, ಅಗಿಯುವುದು ಹೇಗೆ? ಕೆಂಚಿ ಎಂಬ ಪುಟ್ಟ ಹುಡುಗಿ ಒಂದೇ ಕಾಳನ್ನು ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿ ಹೊರಳಿಸಿದಳು. ಕಾಳು ನುರಿಯಲಿಲ್ಲ. ಹಸಿವು ಹೋಗಲಿಲ್ಲ.

ಅತ್ತ ಹೋಗುತ್ತಿದ್ದ ಗಾಳಿ ನಿಂತು ಹೇಳಿತು: "ಇಲಿ ಹತ್ತಿರ ಹೋಗು. ಅದರ ಹಲ್ಲು ಬೆಳೀತಾನೇ ಇರುತ್ತೆ. ಸವೆಸಿ ಸವೆಸಿ ಅದಕ್ಕೂ ಸಾಕಾಗಿದೆ."

ಕೆಂಚಿ ಕೇರಿಯವರನ್ನೆಲ್ಲ ಕರೆದುಕೊಂಡು ಇಲಿಯ ಬಿಲಕ್ಕೆ ಹೋದಳು. ಜನ ಇಲಿಯ ಬೆನ್ನ ಹಿಂದಿನ ದಿಬ್ಬದ ಮೇಲೆ ಕುಳಿತರು. ಅಲ್ಲಿ ಜಾಗ ಸಾಲದೆ ಕೆಂಚಿಯೂ ಇನ್ನು ಕೆಲವರೂ ಇಲಿಯ ಎದುರು ಕುಳಿತರು.

"ಇಲಿಯಣ್ಣ, ನಮಗೂ ಹಲ್ಲು ಕೊಡು," ಎಂದಳು ಕೆಂಚಿ.

"ಹಲ್ಲಲ್ಲ, ಹಲ್ಲಿನ ಬೀಜ ಕೊಡ್ತೀನಿ. ಒಸಡಲ್ಲಿ ನೀವೇ ಊರಿಕೊಳ್ಳಿ. ಎಲ್ಲರೂ ಊಟದ ಕೈ ಚಾಚಿ."

"ಊಟದ ಕೈ ಯಾವುದು? ನಮ್ಮವು ಎರಡೂ ಬಟ್ಟಲು ಹಿಡಿಯೋ ಕೈ."

ಇಲಿ ತನ್ನ ಬಲ ಮುಂಗಾಲನ್ನು ಎತ್ತಿತು. "ನನ್ನ ಹಾಗೇ ಮಾಡಿ. ಬೀಜ ಹಿಡಿದ ಕೈಗೆ ಊಟದ ರೂಢಿ ಹತ್ತುತ್ತೆ. ಆಮೇಲೆ ಬಿಡಲ್ಲ."

ಹಿಂದೆ ಕುಳಿತವರು ಬಲಗೈ ಎತ್ತಿದರು. ಎದುರು ಕುಳಿತ ಕೆಂಚಿ, ಇಲಿಯ ಕಾಲು ತನಗೆ ಯಾವ ಪಕ್ಕ ಕಂಡಿತೋ ಆ ಪಕ್ಕದ ಕೈ ಎತ್ತಿದಳು. ಅದು ಎಡಗೈ. ಅವಳ ಪಕ್ಕದವರೂ ಹಾಗೇ ಮಾಡಿದರು.

ಇಲಿ ಓಡಾಡಿ ಬೀಜ ಹಂಚಿತು. "ಒಂದು ಕುಳಿಗೆ ಎರಡು ಬೀಜ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ." ಯಾಕೆಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಹಸಿವಿನ ಅವಸರ.

ಮೊದಲು ಕೆಳದವಡೆಯ ಎರಡು ಹಲ್ಲು ಮೊಳೆತವು. ಆಮೇಲೆ ಮೇಲ್ದವಡೆಯವು. ಇಪ್ಪತ್ತಕ್ಕೆ ನಿಂತವು. ಜನ ಕಡಲೆ ತಿಂದರು. ಕೆಂಚಿ ಎಡಗೈಯಲ್ಲಿ ತಿಂದಳು.

ಅವಳ ಸೋದರತ್ತೆ ನಾಗತ್ತೆಗೆ ಅದನ್ನು ನೋಡಲಾಗುತ್ತಿರಲಿಲ್ಲ. "ಏ ಎಡಚಿ, ಕೈ ಬದಲಾಯಿಸೇ. ತಪ್ಪು ಕೈಲಿ ಬೀಜ ತಗೊಂಡಿದೀಯ. ಆ ಹಲ್ಲು ನಿಲ್ಲಲ್ಲ ನೋಡ್ತಿರು."

ಕೆಂಚಿ ಕೈ ಬದಲಾಯಿಸಿ ನೋಡಿದಳು. ಬಲಗೈಯಲ್ಲಿ ಅರ್ಧ ಕಾಳು ಬಾಯಿಗೆ, ಅರ್ಧ ನೆಲಕ್ಕೆ.

ಕೆಲವು ವರ್ಷ ಕಳೆದವು. ಒಂದು ದಿನ ಕೆಂಚಿಯ ಕೆಳಗಿನ ಹಲ್ಲು ಅಲ್ಲಾಡಿತು. ಮೂರನೆಯ ದಿನ ಉದುರಿತು.

"ಹೇಳಿರಲಿಲ್ವಾ?" ಎಂದಳು ನಾಗತ್ತೆ. "ಇನ್ನು ಒಂದೊಂದಾಗಿ ಎಲ್ಲಾ ಹೋಗುತ್ತೆ. ಬೇಸಿಗೆ ಬಂತು, ಹಸು ಬತ್ತಿದೆ. ಏನು ತಿಂತೀಯ? ಹೋಗು, ಬಲಗೈಲಿ ಬೇರೆ ಬೀಜ ಇಸ್ಕೊಂಡು ಬಾ."

ಕೆಂಚಿ ಬಿದ್ದ ಹಲ್ಲು ಹಿಡಿದು ಹೊರಟಳು. ಬರೀ ಹೊಟ್ಟೆಯಲ್ಲಿ ಕಳೆದ ಆ ಬೇಸಿಗೆ ಅವಳಿಗೆ ಮರೆತಿರಲಿಲ್ಲ. ದಾರಿಯಲ್ಲಿ ಹೊಳೆ ಕೇಳಿತು: "ಯಾಕೆ ಮುಖ ಸಣ್ಣ ಮಾಡಿಕೊಂಡಿದ್ದೀ?"

ಅವಳು ಹೇಳಿದಳು.

"ನನ್ನೊಳಗೆ ಇಣುಕು. ಎಡಗೈ ಎತ್ತು. ನೀರಲ್ಲಿರೋ ಹುಡುಗಿ ಯಾವ ಕೈ ಎತ್ತಿದಳು?"

ಕೆಂಚಿ ಯೋಚಿಸಿದಳು. ನೀರಿನ ಹುಡುಗಿಯ ಜಾಗದಲ್ಲಿ ತಾನೇ ನಿಂತರೆ ಅದು ಬಲಗೈ.

"ಎದುರು ಕೂತವರಿಗೆ ಹೀಗಾಗುತ್ತೆ. ಇಲಿ ತೋರಿಸಿದ ಹಾಗೇ ನೀನು ಮಾಡಿದೀಯ," ಎಂದಿತು ಹೊಳೆ.

"ಹಾಗಾದ್ರೆ ಹಲ್ಲು ಯಾಕೆ ಬಿತ್ತು?"

"ಅದು ನನಗೆ ಗೊತ್ತಿಲ್ಲ. ಇಲಿನೇ ಕೇಳು."

ಇಲಿ ಹಲ್ಲನ್ನು ತಿರುಗಿಸಿ ನೋಡಿತು. "ಬೀಳಲೇಬೇಕು. ಚಿಕ್ಕದು ಅಭ್ಯಾಸಕ್ಕೆ, ದೊಡ್ಡದು ಬಾಳಿಕೆಗೆ. ಬಿದ್ದ ಜಾಗದಲ್ಲಿ ಬೆರಳಿಡು."

ಕೆಂಚಿ ಬೆರಳಿಟ್ಟಳು. ಒಸಡಿನ ಅಂಚಿನಲ್ಲಿ ಏನೋ ಗರಗಸದಂತೆ ಒರಟಾಗಿ ತಗುಲಿತು.

"ಎರಡನೇ ಬೀಜ ಅದು. ನೀನು ಯಾವ ಕೈಲಿ ತಗೊಂಡೆ ಅಂತ ಒಸಡಿಗೆ ಏನು ಗೊತ್ತು? ಈ ಚಿಕ್ಕದು ನನಗಿರಲಿ. ಮಳೆ ಬಂದರೆ ನಾನು ನಿಮ್ಮ ಮನೆ ಮಾಡಿಗೆ ಹತ್ತುತ್ತೀನಿ. ಉಳಿದವನ್ನು ಅಲ್ಲಿಗೇ ಎಸೀರಿ."

ಕೆಂಚಿ ಮನೆಗೆ ಬಂದಾಗ ನಾಗತ್ತೆ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತಿದ್ದಳು.

"ಏನತ್ತೆ?"

"ಏನಿಲ್ಲ." ಮಾತಿನ ನಡುವೆ ಹಲ್ಲಿನ ಸಂದಿಯಿಂದ ಗಾಳಿ ಪುಸ್ಸೆಂದಿತು.

"ನೀವು ಬೀಜ ತಗೊಂಡಿದ್ದು ಯಾವ ಕೈಲಿ?"

"ಬಲಗೈಲೇ ಕಣೇ," ಎಂದಳು ಅತ್ತೆ, ತುಂಬ ಮೆಲ್ಲಗೆ.

ಕೆಂಚಿ ಕೇರಿಯ ಮನೆಮನೆಗೂ ಹೋಗಿ ವಿಚಾರಿಸಿದಳು. ಹನ್ನೊಂದು ಮಂದಿಯ ಹಲ್ಲು ಅಲ್ಲಾಡುತ್ತಿತ್ತು. ಅವರಲ್ಲಿ ಹತ್ತು ಮಂದಿ ಬಲಗೈಯವರು. ವಾಪಸ್ ಬಂದು ಅತ್ತೆಗೆ ಹೇಳಿದಳು: "ಬಿದ್ದ ಜಾಗದಲ್ಲಿ ಬೆರಳಿಟ್ಟು ನೋಡಿ."

ನಾಗತ್ತೆ ಬೆರಳಿಟ್ಟಳು. ಅಲ್ಲೂ ಒರಟಾಗಿ ತಗುಲಿತು. ಆಮೇಲೆ ಕಡಲೆ ತಟ್ಟೆ ತಂದು ಕೆಂಚಿಯ ಎಡಗಡೆ ಇಟ್ಟಳು.

ಅದಕ್ಕೇ ಇಂದಿಗೂ ಮಕ್ಕಳ ಹಾಲುಹಲ್ಲು ಉದುರಿದ ಜಾಗದಲ್ಲಿ ಒಳಗೆ ಕಾದಿದ್ದ ದೊಡ್ಡ ಹಲ್ಲು ಬರುತ್ತದೆ, ಮತ್ತು ಉದುರಿದ್ದನ್ನು ಮಾಡಿನ ಮೇಲೆ ಎಸೆಯಲು ಹತ್ತು ಮಕ್ಕಳು ನಿಂತರೆ ಅವರಲ್ಲಿ ಒಬ್ಬರು ಎಡಗೈ ಬೀಸುತ್ತಾರೆ.