ಕೂಗು ನಿಂತ ದಡ

"ಬುದ್ಧಿ, ಮೇಷ್ಟ್ರುಗಳ ಸಂಘ ಒಂದು ಪಕ್ಷದ ಜೊತೆ ನಿಂತರೆ ತಪ್ಪೇನು?"

ಕೇಳಿದವರು ನಿರ್ವಾಣಪ್ಪ ಮೇಷ್ಟ್ರು, ತಾಲ್ಲೂಕು ಶಿಕ್ಷಕರ ಸಂಘದ ಅಧ್ಯಕ್ಷರು, ಚಿಕ್ಕಂದಿನಿಂದ ಮಠಕ್ಕೆ ನಡೆದುಕೊಂಡವರು. ಹಿಂದಿನ ವಾರ ಒಂದು ಪಕ್ಷದ ವೇದಿಕೆ ಹತ್ತಿ ಶಾಲು ಹೊದಿಸಿಕೊಂಡು ಬಂದಿದ್ದರು. ಬರುವ ಭಾನುವಾರ ಇಡೀ ಸಂಘದ ಬೆಂಬಲ ಘೋಷಿಸುವುದೆಂದು ಮಾತಾಗಿತ್ತು. ಘೋಷಿಸಿದರೆ, ತಲೆ ನರೆಯುವವರೆಗೂ ಅತಿಥಿ ಶಿಕ್ಷಕರಾಗಿಯೇ ದುಡಿದವರ ಕೆಲಸ ಕಾಯಂ ಮಾಡಿಸುತ್ತೇವೆಂದು ಪಕ್ಷದವರು ಭಾಷೆ ಕೊಟ್ಟಿದ್ದರು. ಆ ಶಿಕ್ಷಕರನ್ನು ನೆನೆದರೆ ಮೇಷ್ಟ್ರಿಗೆ ಕರುಳು ಚುರ್ ಎನ್ನುತ್ತಿತ್ತು. ಆದರೂ ಶಾಲು ಹೊದ್ದ ದಿನದಿಂದ ಮನಸ್ಸಿಗೆ ಸಮಾಧಾನವಿರಲಿಲ್ಲ.

"ಕೂತ್ಕೊಳ್ಳಿ ಮೇಷ್ಟ್ರೇ" ಎಂದು ಮಠದ ಗುರುಗಳು ಕತೆ ಹೇಳಿದರು.

ಒಂದು ಹೊಳೆ. ಅದರ ಎರಡು ದಡಗಳಿಗೆ ಇಬ್ಬರು ಪಾಳೆಯಗಾರರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ನಡುವೆ ಹರಿಗೋಲು ಹಾಕಿ ಬದುಕುವ ಅಂಬಿಗರು.

ಅಂಬಿಗರು ಒಬ್ಬೊಬ್ಬರೇ ಇದ್ದಾಗ ಅವರ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಸುಂಕದವನು ಬೈದರೆ ಬೈಸಿಕೊಳ್ಳಬೇಕು. ಅರಮನೆಯವರು ಬಿಟ್ಟಿ ದಾಟಿಸು ಎಂದರೆ ದಾಟಿಸಬೇಕು. ಯಜಮಾನನೊಬ್ಬ ಹುಟ್ಟಿಕೊಂಡು ಅವರನ್ನೆಲ್ಲ ಒಂದುಗೂಡಿಸಿದ. ಆಮೇಲೆ ಒಬ್ಬನ ಮೈಮೇಲೆ ಕೈ ಬಿದ್ದರೂ ಸಾಕು, ರೋಗಿಗಳಿಗೆಂದು ಒಂದನ್ನು ಬಿಟ್ಟು ಉಳಿದ ಹರಿಗೋಲುಗಳೆಲ್ಲ ದಡದಲ್ಲಿ ಬೋರಲು ಬೀಳುತ್ತಿದ್ದವು. ಗಟ್ಟಿ ಆಳು ಆತ. ಅಂಥವನನ್ನು ಮೆಚ್ಚದೆ ಇರಲಾಗದು.

ಅಂಬಿಗರದ್ದೊಂದು ಕಟ್ಟುಪಾಡಿತ್ತು. ದಡದಿಂದ ಕೂಗು ಬಂದರೆ ಹುಟ್ಟು ಹಾಕಬೇಕು. ಕೂಗಿದವರು ಯಾರು, ಯಾವ ಕಡೆಯವರು ಎಂದು ಕೇಳಬಾರದು.

ಈಚೆ ದಡದಲ್ಲಿ ಇಳಿಯಲು ಮೆಟ್ಟಿಲಿರಲಿಲ್ಲ. ಕೆಸರಿನಲ್ಲಿ ಜಾರಿ ಅಂಬಿಗರು ಕೈಕಾಲು ಮುರಿದುಕೊಳ್ಳುತ್ತಿದ್ದರು. ಈಚೆಯ ಪಾಳೆಯಗಾರ ಯಜಮಾನನನ್ನು ಕರೆಸಿ, ಕಲ್ಲಿನ ಮೆಟ್ಟಿಲು ಕಟ್ಟಿಸುತ್ತೇನೆ, ನಿಮ್ಮ ಹರಿಗೋಲುಗಳ ಮೇಲೆ ನನ್ನ ಬಾವುಟ ಹಾರಲಿ ಎಂದ. ಒಂದು ತುಂಡು ಬಟ್ಟೆ ತಾನೇ ಎಂದುಕೊಂಡು ಯಜಮಾನ ಒಪ್ಪಿದ.

ಹರಿಗೋಲು ದುಂಡಗಿನದು, ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಬಾವುಟ ಎಲ್ಲಿ ಕಟ್ಟುವುದೆಂದು ಅಂಬಿಗರು ತಲೆ ಕೆರೆದುಕೊಂಡರು. ಕೊನೆಗೆ ಅಂಚಿಗೊಂದು ಬಿದಿರು ಬಿಗಿದು ಹಾರಿಸಿದರು. ಪಾಳೆಯಗಾರ ಮಾತಿಗೆ ತಪ್ಪಲಿಲ್ಲ. ಮೆಟ್ಟಿಲು ಬಂತು.

ಆದರೆ ಆಚೆ ದಡದ ಕೂಗು ನಿಂತುಹೋಯಿತು.

ಒಂದು ಸಂಜೆ ಯಜಮಾನ ಹೊಳೆಯ ನಡುವೆ ಇದ್ದ. ಆಚೆ ದಡಕ್ಕೆ ಹೆಂಗಸೊಬ್ಬಳು ಮಗುವನ್ನೆತ್ತಿಕೊಂಡು ಬಂದಳು. ಮಗು ಜ್ವರದಲ್ಲಿ ಕುತ್ತಿಗೆ ಚೆಲ್ಲಿತ್ತು. ವೈದ್ಯನ ಮನೆ ಇದ್ದದ್ದು ಈಚೆ. ಅವಳು ಹರಿಗೋಲನ್ನು ನೋಡಿದಳು; ಕೂಗಲಿಲ್ಲ. ಕಾಲ್ನಡಿಗೆಯಲ್ಲಿ ದಾಟುವ ಜಾಗ ದೂರದಲ್ಲಿತ್ತು, ಅತ್ತ ನಡೆಯತೊಡಗಿದಳು. ಯಜಮಾನ ಹರಿಗೋಲನ್ನು ಆ ದಡಕ್ಕೆ ಹಾಕಿ ಅವಳ ಹಿಂದೆ ಓಡಿದ.

"ಯಾಕವ್ವಾ ಕೂಗಲಿಲ್ಲ?"

"ಬಾವುಟ ಕಾಣ್ತಪ್ಪ. ಈ ದಡದೋರನ್ನ ಹತ್ತಿಸ್ಕೊಂಡ್ರೆ ನಿಂಗೇ ತೊಂದ್ರೆ ಆದೀತು ಅಂತ ಸುಮ್ನಾದೆ."

ಯಜಮಾನ ತಿರುಗಿ ಬಾವುಟವನ್ನು ನೋಡಿದ. ಅವನು ಕಟ್ಟುಪಾಡು ಮುರಿದವನಲ್ಲ. ನೀನು ಯಾವ ಕಡೆಯವಳು ಎಂದು ಒಬ್ಬರನ್ನೂ ಕೇಳಿದವನಲ್ಲ. ಅವನ ಪರವಾಗಿ ಬಾವುಟವೇ ಕೇಳುತ್ತಿತ್ತು. ಅವನು ಬಿದಿರನ್ನು ಕಿತ್ತು ಹೊಳೆಗೆ ಬಿಟ್ಟು, ತಾಯಿ ಮಗುವನ್ನು ದಾಟಿಸಿದ.

ಮರುದಿನ ಪಾಳೆಯಗಾರನ ಆಳುಗಳು ಬಂದು ಮೆಟ್ಟಿಲುಗಳನ್ನು ಕಿತ್ತುಹಾಕಿದರು. ಅಂಬಿಗರು ಯಜಮಾನನ ಮೇಲೆ ಗೊಣಗಿದರು. ಗೊಣಗುತ್ತಲೇ ಅವನ ಜೊತೆ ನಿಂತರು. ಅದು ಅವರ ದೊಡ್ಡತನ. ಹರಿಗೋಲುಗಳು ಬೋರಲು ಬಿದ್ದವು. ಪಾಳೆಯಗಾರನ ಮನೆಗೆ ಬರಬೇಕಾದ ಧಾನ್ಯವೂ ಆಚೆಯೇ ಉಳಿಯಿತು. ಕಡೆಗೆ ಅವನೇ ಹೇಳಿಕಳಿಸಿದ. ಎಲ್ಲರೂ ಕೂಡಿ ಹೋಗಿ, ಬಾವುಟವಿಲ್ಲದೆ ಮೆಟ್ಟಿಲು ಕೇಳಿದರು. ಕಲ್ಲುಗಳು ಮತ್ತೆ ಬಂದವು. ಯಜಮಾನ ಅಷ್ಟಕ್ಕೇ ಬಿಡಲಿಲ್ಲ. ಆಚೆಯ ಪಾಳೆಯಗಾರನ ಮನೆಗೂ ಹೋಗಿ, ಆ ದಡಕ್ಕೂ ಮೆಟ್ಟಿಲು ಬೇಕೆಂದು ಪಟ್ಟು ಹಿಡಿದು ಕೂತ.

ಕತೆ ಮುಗಿಯಿತು. ನಿರ್ವಾಣಪ್ಪ ಮೇಷ್ಟ್ರಿಗೆ ಆ ಯಜಮಾನನ ಮೇಲೆ ಹೆಮ್ಮೆಯೆನಿಸಿತು. ತಮ್ಮ ಸಂಘದವರೂ ಹಾಗೆ ನಿಲ್ಲಬಲ್ಲರು ಎಂದುಕೊಂಡರು.

"ಹಾಗಾದ್ರೆ ದೊರೆಗಳ ಮನೆ ಬಾಗಿಲಿಗೆ ಹೋಗೋದು ತಪ್ಪಲ್ಲ ಅಂದ ಹಾಗಾಯ್ತು, ಬುದ್ಧಿ" ಎಂದರು.

ಗುರುಗಳು ಹೌದೆಂದು ತಲೆಯಾಡಿಸಿ, ಮೇಷ್ಟ್ರ ಮುಖವನ್ನೇ ನೋಡಿದರು.

"ಶಾಲು ಹೊದ್ದು ಬಂದ ಮೇಲೆ ನಿಮ್ಮ ತರಗತಿಯಲ್ಲಿ ಕೈ ಎತ್ತೋದನ್ನ ಬಿಟ್ಟ ಮಗು ಯಾವುದು, ಮೇಷ್ಟ್ರೇ?"

ಆ ಮಗುವಿನ ಹೆಸರು ಮೇಷ್ಟ್ರಿಗೆ ಗೊತ್ತಿತ್ತು. ಅದರ ಮನೆಯವರು ಇನ್ನೊಂದು ಪಕ್ಷದವರೆಂಬುದೂ ಗೊತ್ತಿತ್ತು.