ಸೂಜಿ ಶಾಂತವಾದ ಮೇಲೆ

ಈ ಕಥೆಯ ಒಂದೊಂದು ಮಾತೂ ನಿಜ. ಸುಳ್ಳಾದರೆ ನಾಳೆಯಿಂದ ನಾನು ಮಾಡುವ ಅನ್ನವೆಲ್ಲ ತಳ ಹಿಡಿಯಲಿ. ಬೇಕಾದರೆ ಒಲೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತೇನೆ. ಒಲೆ ಆರಿರಬೇಕು, ಅಷ್ಟೆ.

ನಾನು ಆಗ ಮುರಿಗೆಯ್ಯನವರ ಕುಟೀರದಲ್ಲಿ ಅಡುಗೆಗಿದ್ದೆ. ತುಂಗಭದ್ರೆಯ ದಂಡೆ, ಸುತ್ತ ಬರೀ ಬಂಡೆಗಲ್ಲು. ನನ್ನ ಸಾರು ಕುದಿಯುವಾಗ ಆಚೆ ದಂಡೆಯವರು ಈಜಿಕೊಂಡು ಬರುತ್ತಿದ್ದರು ಎಂಬುದನ್ನು ನಾನೇ ಹೇಳಿಕೊಳ್ಳಬಾರದು.

ಮುರಿಗೆಯ್ಯನವರು ಹಿಂದೆ ಹಡಗುಗಳ ಜೊತೆ ಮಾತಾಡುವ ವೈರ್‌ಲೆಸ್ ಕೇಂದ್ರದಲ್ಲಿದ್ದವರು. ನಿವೃತ್ತರಾದ ಮೇಲೆ ಹೊಳೆದಂಡೆಗೆ ಬಂದು ಹವ್ಯಾಸಿಗಳ ಹ್ಯಾಮ್ ರೇಡಿಯೊ ಕಲಿಸುತ್ತಿದ್ದರು. ಅದೂ ಎಲ್ಲರೂ ಆಡುವ ಅಲೆಗಳಲ್ಲಲ್ಲ, ಒಂದೊಂದೂ ಮೈಲಿಗಿಂತ ಉದ್ದವಾದ ಅಲೆಗಳಲ್ಲಿ.

ಅಂಥ ಅಲೆಗೆ ಅಂಥದೇ ತಂತಿ ಬೇಕು. ಬಂಡೆಯಿಂದ ಬಂಡೆಗೆ ಕಟ್ಟಿದ್ದರು. ಅದು ಎಷ್ಟು ಉದ್ದವೆಂದರೆ ಈ ತುದಿಯಲ್ಲಿ ಕೂತ ಕಾಗೆಗೆ ಆ ತುದಿಯ ಕಾಗೆಯ ಪರಿಚಯವಿರಲಿಲ್ಲ.

ಇಷ್ಟು ಮಾಡಿದರೂ ಆಕಾಶಕ್ಕೆ ಹೊರಡುವ ಶಕ್ತಿ ಒಂದು ಟಾರ್ಚ್ ಬಲ್ಬಿನಷ್ಟು. ಅದಕ್ಕೇ ಮೋರ್ಸ್ ಸಂಕೇತದ ಒಂದೊಂದು ಚುಕ್ಕೆಯನ್ನೂ ನಿಧಾನವಾಗಿ, ಬಹಳ ನಿಧಾನವಾಗಿ ಎಳೆಯಬೇಕು. ಒಂದು ಅಕ್ಷರ ಮುಗಿಯುವಷ್ಟರಲ್ಲಿ ನನ್ನ ಅನ್ನ ಬೆಂದಿರುತ್ತಿತ್ತು. ದೂರದಲ್ಲಿ ಕಾದು ಕೂತವನಿಗೆ ಅದು ಕಿವಿಗೆ ಕೇಳಿಸದು. ಕಂಪ್ಯೂಟರಿನ ಪರದೆಯ ಮೇಲೆ ಮಸುಕು ಗೀಟಾಗಿ ಮೂಡಿದರೆ ಮೂಡಿತು, ಇಲ್ಲದಿದ್ದರೆ ಇಲ್ಲ.

ಗುರುಗಳಿಗೆ ಇಬ್ಬರು ಶಿಷ್ಯರು. ಕೊಟ್ರೇಶ ಕುಟೀರದಲ್ಲೇ ಇದ್ದ. ಸಿದ್ರಾಮನಿಗೆ ಕೆಲಸ ಸಿಕ್ಕಿ, ಉತ್ತರ ಧ್ರುವದ ಹತ್ತಿರದ ಒಂದು ದ್ವೀಪದಲ್ಲಿ ಹವಾಮಾನ ಕೇಂದ್ರದ ಯಂತ್ರಗಳನ್ನು ನೋಡಿಕೊಂಡಿದ್ದ. ಅಲ್ಲಿ ಚಳಿಗಾಲವಿಡೀ ಸೂರ್ಯ ಹುಟ್ಟುವುದಿಲ್ಲ. ಈ ಉದ್ದದ ಅಲೆಗಳು ಕತ್ತಲಲ್ಲೇ ಚೆನ್ನಾಗಿ ಓಡುವುದು.

ಹಾಗಾಗಿ ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಕೊಟ್ರೇಶ ಕಳಿಸುತ್ತಿದ್ದ. ಅಲ್ಲಿ ಸಿದ್ರಾಮ ಪರದೆ ನೋಡುತ್ತಿದ್ದ. ಕಂಡದ್ದನ್ನು ಮಾರನೆಯ ದಿನ ಫೋನಿಗೆ ಬರೆದು ತಿಳಿಸುತ್ತಿದ್ದ. ಒಂದೇ ತಟ್ಟೆಯಲ್ಲಿ ಉಂಡ ಹುಡುಗರು. ನಾನೇ ಬಡಿಸಿದ್ದು.

ಒಳಕೋಣೆಯಲ್ಲಿ ಒಂದು ಗಾಜಿನ ಭರಣಿ. ಅದರೊಳಗೆ ರೇಷ್ಮೆ ಎಳೆಯಲ್ಲಿ ತೂಗುವ ಅಯಸ್ಕಾಂತದ ಸೂಜಿ. ಸೂಜಿಗೆ ಒಂದು ಚೂರು ಕನ್ನಡಿ ಅಂಟಿಸಿ, ಅದರ ಮೇಲೆ ಬೆಳಕು ಬಿಟ್ಟಿದ್ದರು. ಎದುರು ಗೋಡೆಯ ಮೇಲೆ ಬೆಳಕಿನ ಚುಕ್ಕೆ ಬೀಳುತ್ತಿತ್ತು.

ಸೂರ್ಯ ಸಿಡಿದು, ಆ ಸಿಡಿತ ಬಂದು ಭೂಮಿಯ ಅಯಸ್ಕಾಂತಕ್ಕೆ ಬಡಿದರೆ ಸೂಜಿ ನಡುಗುತ್ತದೆ, ಗೋಡೆಯ ಚುಕ್ಕೆ ಕುಣಿಯುತ್ತದೆ. ಅದಕ್ಕೆ ಅವರು ಬಿರುಗಾಳಿ ಅನ್ನುತ್ತಿದ್ದರು. ಒಂದೆಲೆಯೂ ಅಲ್ಲಾಡದ ಬಿರುಗಾಳಿ.

ಭರಣಿಯ ಹತ್ತಿರ ಕಬ್ಬಿಣ ಒಯ್ಯುವಂತಿರಲಿಲ್ಲ. ಗುರುಗಳ ಫೋನು ಕೂಡ ಆಫ್ ಆಗಿ ನನ್ನ ಅಕ್ಕಿ ಡಬ್ಬದ ಮೇಲೆ ಬಿದ್ದಿರುತ್ತಿತ್ತು. ಅದಕ್ಕೆ ಜೀವ ಬರುತ್ತಿದ್ದದ್ದು ನಾನು ಸಂತೆಗೆ ಒಯ್ದಾಗ ಮಾತ್ರ.

ಒಂದು ಸಂಜೆ ಚುಕ್ಕೆ ಗೋಡೆಯ ಉದ್ದಕ್ಕೂ ಕುಣಿಯಿತು.

ಇವತ್ತು ಕಳಿಸಿ ಉಪಯೋಗವಿಲ್ಲ ಎಂದ ಕೊಟ್ರೇಶ. ಆದರೂ ರೂಢಿ ಬಿಡಬಾರದೆಂದು ಕಳಿಸಿದ.

ಬೆಳಿಗ್ಗೆ ಗುಡ್ಡದ ಮೇಲಿನ ಬಂಡೆ ಹತ್ತಿ ತನ್ನ ಫೋನು ನೋಡಿದ. ನೆಟ್‌ವರ್ಕ್ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಸಿದ್ರಾಮ ಬರೆದಿದ್ದ: ಒಂದು ಅಕ್ಷರವೂ ತಪ್ಪದೆ ಮೂಡಿತು, ಇಷ್ಟು ಸ್ಪಷ್ಟವಾಗಿ ಈ ವರ್ಷ ಕಂಡೇ ಇರಲಿಲ್ಲ.

ಕೊಟ್ರೇಶನಿಗೆ ಉರಿದುಹೋಯಿತು. ಬಿರುಗಾಳಿ ಎದ್ದರೆ ಉತ್ತರದ ದಾರಿ ಕೆಡುತ್ತದೆಂದು ಅವನು ಓದಿದ್ದ. ತಾನು ದಿನಾ ಕಳಿಸುವುದು ತನ್ನ ಕರೆಗುರುತಿನ ಅವೇ ಅಕ್ಷರಗಳೆಂದು ಸಿದ್ರಾಮನಿಗೆ ಮೊದಲೇ ಗೊತ್ತಿತ್ತು. ಊಹಿಸಿ ಬರೆದಿದ್ದಾನೆ ಎಂದುಕೊಂಡು ಬಂಡೆಯ ಮೇಲಿಂದಲೇ ಫೋನು ಮಾಡಿದ.

ನಾನು ಕೆಳಗೆ ಕಟ್ಟಿಗೆ ಆಯುತ್ತಿದ್ದೆ. ಅವನ ದನಿ ನನ್ನವರೆಗೂ ಬಂತು.

"ಕಾಣದ್ದನ್ನ ಕಂಡೆ ಅಂತ ಬರೆಯೋದು ಯಾವಾಗ ಕಲಿತಿ ಸಿದ್ರಾಮ?"

ಆ ಜನರಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಅಪ್ಪ ಅಮ್ಮನನ್ನು ಎಳೆದು ಬೈದರೂ ನಗುತ್ತಾರೆ. ಇದಕ್ಕೆ ನಗುವುದಿಲ್ಲ.

ಸಿದ್ರಾಮ, ಇಲ್ಲಿ ಸೂರ್ಯ ಹುಟ್ಟಲಿ, ಹುಟ್ಟಿದ ದಿನ ನನ್ನ ತಂತಿ ಇಳಿಸಿಬಿಡುತ್ತೇನೆ, ಇನ್ನು ನಿನ್ನದನ್ನು ನೋಡುವ ಕೆಲಸ ನನಗಿಲ್ಲ ಎಂದು ಫೋನಿಟ್ಟನಂತೆ.

ಕೊಟ್ರೇಶ ಇಳಿದು ಬಂದು, ಕಳ್ಳನನ್ನು ಹಿಡಿದವನ ಹಾಗೆ ಎಲ್ಲವನ್ನೂ ಗುರುಗಳಿಗೆ ಒಪ್ಪಿಸಿದ.

ಗುರುಗಳು ಕೇಳಿದರು: "ಅವನು ಕಂಡಿಲ್ಲ ಅಂತ ನಿನಗೆ ಯಾರು ಹೇಳಿದರು?"

"ಸೂಜಿ ಹೇಳ್ತಲ್ರಿ."

"ಸೂಜಿ ಇಲ್ಲೇ ಇತ್ತಲ್ಲ," ಎಂದು ಗುರುಗಳು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊಳೆಗೆ ಸ್ನಾನಕ್ಕೆ ಹೋದರು.

ಬಿರುಗಾಳಿ ನಿಂತಿತು. ಗೋಡೆಯ ಚುಕ್ಕೆ ಮೊಳೆ ಹೊಡೆದ ಹಾಗೆ ನಿಂತಿತು. ಈಗ ನೋಡಿ ಎಂದು ಕೊಟ್ರೇಶ ಹುರುಪಿನಿಂದ ಕಳಿಸಿದ. ಸಿದ್ರಾಮ ನೋಡದಿದ್ದರೇನು, ಉತ್ತರದ ಕಡೆ ಕೊಟ್ರೇಶನ ಕರೆ ಹಿಡಿಯುವ ಮುದುಕನೊಬ್ಬನೂ ಇದ್ದ.

ಮುದುಕ ಬರೆದ: ಏನೂ ಇಲ್ಲ.

ಮರುದಿನವೂ ಅದೇ. ಅದರ ಮರುದಿನವೂ ಅದೇ.

ಕೊಟ್ರೇಶ ತಂತಿ ಒರೆಸಿದ. ನೀರಿನ ಡ್ರಮ್ಮಿಗೆ ಸುತ್ತಿದ್ದ ತಾಮ್ರದ ಸುರುಳಿಯನ್ನು ಬಿಚ್ಚಿ ಮತ್ತೆ ಸುತ್ತಿದ. ಹೊಳೆಯ ಹಸಿ ಮಣ್ಣಿಗೆ ಇನ್ನಷ್ಟು ತಂತಿ ಹೂತ. ಊಟಕ್ಕೆ ಕರೆದರೆ ನನ್ನ ಮೇಲೆ ರೇಗಿದ. ನನ್ನ ಊಟಕ್ಕೆ ಕರೆಸಿಕೊಂಡು ರೇಗಿದವನು ಈ ಭೂಮಿಯ ಮೇಲೆ ಅವನೊಬ್ಬನೇ.

ಕೊನೆಗೆ ಗುರುಗಳ ಮುಂದೆ ಬಂದು ಕೂತ.

"ಸೂಜಿ ಶಾಂತ ಆಗೇದ್ರಿ. ದಾರಿ ಯಾಕೆ ತೆರೀವಲ್ದು?"

ಗುರುಗಳು ಎದ್ದು ನನ್ನ ಅಡುಗೆಮನೆಗೆ ಬಂದರು. ಕೊಟ್ರೇಶನನ್ನೂ ಒಳಗೆ ಕರೆದರು. ಬಾಗಿಲು ಮುಂದೆ ಮಾಡಿದರು. ಬಾಣಲೆ ಕಾಯಿಸಿ, ಒಂದು ಹಿಡಿ ಒಣಮೆಣಸಿನಕಾಯಿ ಹಾಕಿದರು.

ಘಮ್ಮೆಂದಿತು.

ಗುರುಗಳು ಕೈಯಾಡಿಸುತ್ತಲೇ ಇದ್ದರು. ಕಾಯಿ ಕಪ್ಪಿಗೆ ತಿರುಗಿತು. ನಾನು ಬೇಡ ಬೇಡ ಅನ್ನುವುದರೊಳಗೆ ಒಲೆ ಆರಿಸಿ, ಬಾಣಲೆಯನ್ನು ಹೊರಗಿಟ್ಟು ಬಂದರು.

ಆಮೇಲೆ ಶುರುವಾಯಿತು ನೋಡಿ. ಮೂವರೂ ಕೆಮ್ಮಿದೆವು. ಕಣ್ಣಲ್ಲಿ, ಮೂಗಲ್ಲಿ ನೀರು. ಗುರುಗಳು ಸೆರಗಿಲ್ಲದ ಜನ್ಮಕ್ಕೆ ಟವೆಲ್ಲನ್ನೇ ಮುಖಕ್ಕೊತ್ತಿಕೊಂಡು ಕೇಳಿದರು:

"ಒಲೆ ಆರಿಸೀನಲ್ಲ. ಯಾಕೆ ಕೆಮ್ಮತೀ?"

"ಘಾಟು... ಇನ್ನೂ ಇಲ್ಲೇ ಐತ್ರಿ."

"ಮೊದಲು ಬಂದದ್ದು ಏನು?"

ಕೊಟ್ರೇಶ ಕೆಮ್ಮುವುದನ್ನು ನಿಲ್ಲಿಸಿದ. ಆಮೇಲೆ ಹೇಳಿದ: "ಘಮ."

ಗುರುಗಳು ನನಗೆ ಆಮೇಲೆ ಬಿಡಿಸಿ ಹೇಳಿದ್ದು ಇಷ್ಟು. ಬಿರುಗಾಳಿ ಬಡಿದ ಮೊದಲ ರಾತ್ರಿ ಕೆಲವು ಸಲ ಈ ಉದ್ದದ ಅಲೆಗೆ ದಾರಿ ಎಂದಿಗಿಂತ ಚೆನ್ನಾಗಿರುತ್ತದೆ. ಕೆಡುವುದು ಆಮೇಲೆ. ಸೂರ್ಯನಿಂದ ಬಂದ ಹೊಡೆತಕ್ಕೆ ಭೂಮಿಯ ಸುತ್ತ ಮೇಲೆ ತುಂಬಿಕೊಂಡ ಕಣಗಳ ಘಾಟು ಒಂದೇ ಸಲಕ್ಕೆ ಹೋಗುವುದಿಲ್ಲ. ಸೂಜಿ ಶಾಂತವಾದ ಮೇಲೂ ಎಷ್ಟೋ ದಿನ ಉತ್ತರದ ಆಕಾಶಕ್ಕೆ ಸೋರುತ್ತಲೇ ಇರುತ್ತದೆ. ಆ ದಾರಿಯಲ್ಲಿ ಹೋದ ಸಣ್ಣ ದನಿಯನ್ನು ನುಂಗುತ್ತದೆ.

ಕೊಟ್ರೇಶನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವನ ಮುಖ ಇಳಿದುಹೋಗಿತ್ತು.

"ಹಂಗಾದ್ರ ಅವತ್ತು ಸಿದ್ರಾಮ ಕಂಡದ್ದು ಖರೇನ್ರಿ?"

"ಅವತ್ತು ಅಲ್ಲಿ ನಾನಿರಲಿಲ್ಲ. ನೀನೂ ಇರಲಿಲ್ಲ. ಇದ್ದವನು ಅವನೊಬ್ಬನೇ."

ಕೊಟ್ರೇಶ ಬಂಡೆ ಹತ್ತಿದ. ಫೋನು ಮಾಡಿದ. ಸಿದ್ರಾಮ ಎತ್ತಲಿಲ್ಲ. ಮೆಸೇಜು ಬರೆದ. ಓದಿದ ಗುರುತೂ ಬರಲಿಲ್ಲ. ಆ ಗುಡ್ಡವನ್ನು ಅವನು ಹತ್ತಿದ್ದು ಇಳಿದದ್ದು ನೋಡಿ ನನ್ನ ಮೊಣಕಾಲೇ ನೋಯತೊಡಗಿತು.

ನಿಮ್ಮ ಮಾತನ್ನು ಅವನು ತೆಗೆದುಹಾಕುವುದಿಲ್ಲ, ನನ್ನ ಪರವಾಗಿ ಒಂದು ಮಾತು ಹೇಳಿ ಎಂದು ಗುರುಗಳ ಕಾಲು ಹಿಡಿದ.

"ಹೇಳಬಹುದು," ಎಂದರು ಗುರುಗಳು. "ಆಗ ಅದು ನನ್ನ ಮಾತಾಗತದ."

ಅಂದಿನಿಂದ ಕೊಟ್ರೇಶ ರೇಡಿಯೊದಲ್ಲಿ ಕಳಿಸಿದ್ದು ಎರಡೇ ಮಾತು. ತಪ್ಪು ನನ್ನದು. ದಿನಾ ದೀಪ ಹಚ್ಚುವ ಹೊತ್ತಿಗೆ ಕೂರುತ್ತಿದ್ದ. ಒಂದು ಅಕ್ಷರಕ್ಕೆ ಒಂದು ಅನ್ನ ಬೇಯುವಷ್ಟು ಹೊತ್ತೆಂದರೆ ಲೆಕ್ಕ ಹಾಕಿ. ಆ ಎರಡು ಮಾತು ಮುಗಿಯುವುದಕ್ಕೆ ಸಂಜೆಗಳೇ ಹಿಡಿಯುತ್ತಿದ್ದವು. ಮುಗಿದರೆ ಮತ್ತೆ ಮೊದಲಿಂದ.

ಒಂದು ದಿನ ಬೇಸತ್ತು, ಇಷ್ಟು ನಿಧಾನವಾದರೆ ಹೇಗೆ ಎಂದ.

"ಬೈದದ್ದು ಎಷ್ಟು ಹೊತ್ತಿನಾಗ?" ಎಂದು ಕೇಳಿದರು ಗುರುಗಳು.

"ಒಂದು ನಿಮಿಷ ಸೈತ ಆಗಲಿಲ್ರಿ."

ಗುರುಗಳು ತಲೆಯಾಡಿಸಿದರು. ಕೊಟ್ರೇಶ ಹೋಗಿ ಮತ್ತೆ ಕೂತ.

ದಿನಗಳು ಸರಿದವು. ಉತ್ತರದ ಮುದುಕ ಊರಿಗೆ ಹೋಗಿದ್ದನೋ ಏನೋ, ಅವನೂ ಬರೆಯುವುದನ್ನು ಬಿಟ್ಟ. ಹೋದ ಮಾತು ಎಲ್ಲಿ ಸೇರಿತೆಂದು ತಿಳಿಯುವ ದಾರಿಯೇ ಉಳಿಯಲಿಲ್ಲ. ಅಷ್ಟರಲ್ಲಿ ಧ್ರುವದ ಆ ದ್ವೀಪದಲ್ಲಿ ಸೂರ್ಯ ಮರಳಿ ಹುಟ್ಟುವ ದಿನ ಬಂತು. ಬಂದು, ದಾಟಿಯೂ ಹೋಯಿತು.

ಆ ದಿನದ ಮಾರನೆಯ ಬೆಳಿಗ್ಗೆ ನಾನು ಸಂತೆಗೆ ಹೊರಟೆ. ಹೊಳೆಗೆ ಅಣೆಕಟ್ಟಿನ ನೀರು ಬಿಟ್ಟಿದ್ದರಿಂದ ಇಷ್ಟು ದಿನ ತೆಪ್ಪ ನಿಂತು, ನಾನು ಆಚೆ ದಂಡೆಯ ಸಂತೆ ಕಂಡು ಬಹಳ ದಿನವಾಗಿತ್ತು. ಗುರುಗಳ ಫೋನನ್ನೂ ಜೇಬಿಗೆ ಹಾಕಿಕೊಂಡೆ. ಸಂತೆಯಲ್ಲಿ ಅದಕ್ಕೆ ಜೀವ ಬಂದದ್ದೇ ತಡ, ಟಿಣ್ ಟಿಣ್ ಎಂದು ನಿಲ್ಲದೆ ಹೊಡೆದುಕೊಂಡಿತು. ಬದನೆಕಾಯಿ ಮಾರುವ ಅಜ್ಜಿ, ಅಷ್ಟು ಜನ ನಿನ್ನ ನೆನೆಯೋರು ಯಾರಪ್ಪಾ ಅಂದಳು. ದೊಡ್ಡ ಮನುಷ್ಯರ ಪಾಡು ಹಿಂಗೇ ಅಂದೆ.

ಆಮೇಲೆ ಓದಿದೆ. ಓದಿ, ಬದನೆಕಾಯಿಯನ್ನು ಅಲ್ಲೇ ಬಿಟ್ಟು ತೆಪ್ಪಕ್ಕೆ ಓಡಿದೆ.

ನಾನು ಬರುವ ಹೊತ್ತಿಗೆ ಕೊಟ್ರೇಶ ಬಂಡೆಯ ಮೇಲೆ ನಿಂತು ತಂತಿಯ ಹಗ್ಗ ಬಿಚ್ಚುತ್ತಿದ್ದ. ಒಂದು ತುದಿ ಆಗಲೇ ನೆಲಕ್ಕೆ ಬಿದ್ದಿತ್ತು. ಗುರುಗಳು ಕೆಳಗೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬೇಡ ಅಂದಿರಲಿಲ್ಲ.

ಅವನು ಇಷ್ಟೊತ್ತಿಗೆ ತನ್ನ ತಂತಿ ಇಳಿಸಿರುತ್ತಾನೆ, ಇನ್ನು ನಾನು ಯಾರಿಗೆ ಅಂತ ಕಳಿಸಲಿ ಎಂದ ಕೊಟ್ರೇಶ.

ಫೋನನ್ನು ಗುರುಗಳ ಕೈಗಿಟ್ಟೆ. ನನ್ನ ಕನ್ನಡಕ ಇಲ್ಲ, ನೀನೇ ಓದು ಎಂದರು. ಎಲ್ಲವೂ ಸಿದ್ರಾಮನವೇ. ದಿನಕ್ಕೊಂದು. ಒಂದು ದಿನವೂ ತಪ್ಪಿರಲಿಲ್ಲ. ಜೋರಾಗಿ ಓದಿದೆ.

"ಗುರುಗಳಿಗೆ ಶರಣು. ಇವತ್ತು ಏನೂ ಕಾಣಲಿಲ್ಲ."

ಅದರ ಕೆಳಗಿನದು: "ಗುರುಗಳಿಗೆ ಶರಣು. ಇವತ್ತು ಏನೂ ಕಾಣಲಿಲ್ಲ."

ಅದರ ಕೆಳಗೂ ಅದೇ. ಅದರ ಕೆಳಗೂ ಅದೇ. ಕಡೆಯದು ನಿನ್ನೆಯದು.

"ಗುರುಗಳಿಗೆ ಶರಣು. ಸೂರ್ಯ ಹುಟ್ಟಿದ. ಇವತ್ತೂ ಏನೂ ಕಾಣಲಿಲ್ಲ."

ಕೊಟ್ರೇಶ ಹಗ್ಗ ಹಿಡಿದುಕೊಂಡೇ ಬಂಡೆಯ ಮೇಲೆ ಕುಸಿದು ಕೂತ.

"ಹಂಗಾದ್ರ ನಾ ಕಳಿಸಿದ್ದು ಒಂದಕ್ಷರ ಸೈತ ಅವನಿಗೆ ಮುಟ್ಟಿಲ್ಲರಿ. ಕಳಿಸಾಕ ಹತ್ತೀನಿ ಅಂತ ಅವನಿಗೆ ಹೇಳಿದವರೂ ಯಾರೂ ಇಲ್ಲ."

ಗುರುಗಳು ನಾನು ಕೊಟ್ಟ ಕಾಫಿಯನ್ನು ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟರು.

ಇಲ್ಲೊಂದು ಸಣ್ಣ ಸುಳ್ಳನ್ನು ಒಪ್ಪಿಕೊಂಡುಬಿಡುತ್ತೇನೆ. ಅವತ್ತು ಕಾಫಿ ಇರಲಿಲ್ಲ. ಹಾಲು ಒಡೆದಿತ್ತು. ಗುರುಗಳು ಬರಿಗೈಯಲ್ಲೇ ಕೂತಿದ್ದರು. ಬಂಡೆಯ ಮೇಲಿದ್ದವನ ಕಡೆ ತಲೆಯೆತ್ತಿ ಅವರು ಹೇಳಿದ ಮಾತಿಗೆ ಮಾತ್ರ ನಾನು ಒಂದಕ್ಷರವನ್ನೂ ಸೇರಿಸಿಲ್ಲ.

"ಏನೂ ಕಾಣಲಿಲ್ಲ ಅಂತ ಬರೀಬೇಕಾದ್ರ, ಅವನು ದಿನಾ ಎಷ್ಟು ಹೊತ್ತು ಕಣ್ಣಿಟ್ಟು ಕುಂತಿರಬೇಕು, ತಮ್ಮಾ."