ತಿಪ್ಪಜ್ಜನ ಬಿಳಿ ಪಂಚೆ

ಏಳು ನಾಡುಗಳು ತಮ್ಮತಮ್ಮಲ್ಲೇ ಜಗಳಾಡಿ ಸುಸ್ತಾಗಿ, ಕೊನೆಗೆ ಒಂದು ಒಕ್ಕೂಟ ಮಾಡಿಕೊಂಡಿದ್ದ ಕಾಲ. ಒಕ್ಕೂಟಕ್ಕೊಬ್ಬ ಅಧಿಪತಿ. ಈ ಸಲ ಒಂದು ನಾಡಿನವನಾದರೆ ಮುಂದಿನ ಸಲ ಇನ್ನೊಂದು ನಾಡಿನವನು. ಯಾರೇ ಬರಲಿ, ಅವನ ಮೈಗೆ ಗೀರು ಬೀಳದಂತೆ ಕಾಯುವುದಕ್ಕೆ ರಾಜಧಾನಿಯಲ್ಲಿ ಒಂದು ಕಾವಲು ಪಡೆ ಇತ್ತು.

ಆ ಪಡೆಗೆ ಆಳುಗಳನ್ನು ತಯಾರು ಮಾಡುತ್ತಿದ್ದವರು ಕೇತಯ್ಯ ಗುರುಗಳು. ಹೊಳೆ ದಂಡೆಯಲ್ಲಿ ಅವರ ಆಶ್ರಮ. ತಾವೂ ಹರೆಯವನ್ನೆಲ್ಲ ಆ ಪಡೆಯಲ್ಲೇ ಸವೆಸಿ ಬಂದವರು.

ಅಲ್ಲಿ ಹಂಪಣ್ಣ ಎಂಬ ಶಿಷ್ಯನಿದ್ದ. ಕತ್ತಿ ಹಿಡಿದರೆ ಅವನ ಮುಂದೆ ನಿಲ್ಲುವವರೇ ಇರಲಿಲ್ಲ. ಆದರೂ ಗುರುಗಳು ಅವನನ್ನು ರಾಜಧಾನಿಗೆ ಕಳಿಸುವ ಮಾತೇ ಎತ್ತುತ್ತಿರಲಿಲ್ಲ.

ಹುಣ್ಣಿಮೆಗೆ ರಾಜಧಾನಿಯ ದೋಣಿ ಬರುವುದಿತ್ತು. ಈ ಸಲ ಹತ್ತದಿದ್ದರೆ ವಯಸ್ಸು ಮೀರುತ್ತದೆ, ಊರಿಗೆ ಹೋಗಿ ಅಣ್ಣನ ಗಾಣ ತಿರುಗಿಸಬೇಕು. ಅದನ್ನು ನೆನೆದರೆ ಹಂಪಣ್ಣನಿಗೆ ಅನ್ನ ಸೇರುತ್ತಿರಲಿಲ್ಲ.

ಅಡ್ಡ ನಿಂತಿದ್ದದ್ದು ಒಂದೇ ಪರೀಕ್ಷೆ. ಪಕ್ಕದ ಗುಡಿಸಲಿನ ತಿಪ್ಪಜ್ಜನನ್ನು ಸಂತೆಗೆ ಕರೆದುಕೊಂಡು ಹೋಗಿ ವಾಪಸು ಕರೆತರಬೇಕು. ಉಳಿದ ಶಿಷ್ಯರು ವೇಷ ಬದಲಿಸಿ, ಮುಷ್ಟಿಯಲ್ಲಿ ಅರಿಶಿನದ ಪುಡಿ ಹಿಡಿದು ಜನರ ನಡುವೆ ಸೇರಿಕೊಂಡಿರುತ್ತಾರೆ. ಅಜ್ಜನ ಬಿಳಿ ಪಂಚೆಗೆ ಒಂದು ಚೂರು ಹಳದಿ ಬಿದ್ದರೆ ಮುಗಿಯಿತು, ಅಜ್ಜ ಸತ್ತ ಹಾಗೆ.

ಹಂಪಣ್ಣನ ಕಾವಲಿನಲ್ಲಿ ಅಜ್ಜ ಸಾಯುತ್ತಲೇ ಇದ್ದ.

ಮೊದಲ ಸಲ, ಮುದುಕ ಎಲ್ಲಿ ಎಡವುತ್ತಾನೋ ಎಂದು ಅವನ ಕಾಲನ್ನೇ ನೋಡುತ್ತ ನಡೆದ. ಹಿಂದಿನಿಂದ ಅರಿಶಿನ ಬಿತ್ತು.

ಮುಂದಿನ ಸಂತೆಯಲ್ಲಿ, ಎರಚಲು ಬಂದವನನ್ನು ಅಟ್ಟಿಸಿಕೊಂಡು ಹೋಗಿ ಕೆಡವಿ ಎದೆಯ ಮೇಲೆ ಕೂತ. ಹೆಮ್ಮೆಯಿಂದ ತಿರುಗಿ ನೋಡಿದರೆ ಅಜ್ಜ ತಲೆಯಿಂದ ಕಾಲಿನವರೆಗೆ ಹಳದಿಯಾಗಿ ನಿಂತಿದ್ದ.

"ಅವನನ್ನ ಹಿಡಿ ಅಂತ ಯಾರು ಹೇಳಿದ್ರು?" ಗುರುಗಳು ಕೇಳಿದರು. "ಅಜ್ಜನ್ನ ಬಿಟ್ಟು ಓಡು ಅಂತ ಯಾರು ಹೇಳಿದ್ರು?"

ಅದರ ಮುಂದಿನ ಸಂತೆಯದು ಇನ್ನೂ ಕೆಟ್ಟ ಕತೆ.

ತಿಪ್ಪಜ್ಜ ಆಚೆ ದಂಡೆಯ ನಾಡಿನಿಂದ ಬಂದು ನೆಲೆಸಿದವನು. ಹಂಪಣ್ಣನ ನಾಡೆಂದರೆ ಅವನಿಗೆ ಅಷ್ಟಕ್ಕಷ್ಟೆ. ಹೊರಡುವಾಗಲೇ ಆಶ್ರಮದವರು ಕೊಡುವ ಒಂದು ಚಿಪ್ಪು ಬಾಳೆಹಣ್ಣಿನ ಆಸೆಗೆ ಬರುತ್ತಿದ್ದ, ದಾರಿಯುದ್ದಕ್ಕೂ ಬಾಯಿಗೆ ಬಿಡುವು ಕೊಡುತ್ತಿರಲಿಲ್ಲ.

"ನಿಮ್ಮ ನಾಡಿನೋರಿಗೆ ಎಮ್ಮೆ ಕಾಯೋಕೇ ಬರಲ್ಲ. ನನ್ನ ಕಾಯ್ತೀಯೇನೋ?"

ಹಂಪಣ್ಣ ಹಲ್ಲು ಕಚ್ಚಿದ.

"ನಿಮ್ಮವ್ವ ಮಾಡೋ ಮುದ್ದೇನ ನಾಯೀನೂ ಮೂಸಲ್ಲ."

"ಅಜ್ಜಾ, ನಮ್ಮವ್ವನ ಸುದ್ದಿಗೆ ಬಂದ್ರೆ..." ಎಂದು ಹಂಪಣ್ಣ ತಿರುಗಿದ, ಅಷ್ಟೇ. ಹಣ್ಣು ಮಾರುವವಳ ಹಿಂದಿನಿಂದ ಒಂದು ಕೈ ಬಂದು ಪಂಚೆಗೆ ಒರೆಸಿಕೊಂಡು ಹೋಯಿತು.

ಆಶ್ರಮಕ್ಕೆ ಬಂದವನೇ ಹಂಪಣ್ಣ ಸೊಂಟದ ಪಟ್ಟಿ ಬಿಚ್ಚಿ ನೆಲಕ್ಕೆ ಎಸೆದ.

"ಸಾಕಾಯ್ತು ಗುರುಗಳೇ! ಈ ಮುದುಕನ್ನ ಕಾಯೋದು ನನ್ನಿಂದಾಗಲ್ಲ. ಯಾರಾದ್ರೂ ಒಳ್ಳೆಯವರನ್ನ ಕೊಡಿ, ಪ್ರಾಣ ಕೊಟ್ಟು ಕಾಯ್ತೀನಿ."

"ರಾಜಧಾನಿಯಲ್ಲೂ ಹೀಗೇ ಕೇಳ್ತೀಯಾ? ಈ ಅಧಿಪತಿ ಬೇಡ, ಬದಲಾಯಿಸಿ ಕೊಡಿ ಅಂತ?"

ಹಂಪಣ್ಣನ ಸಿಟ್ಟು ಇಳಿಯಲಿಲ್ಲ.

"ಅವನ ಬಾಯಿ ಎಂಥದು ಅಂತ ನಿಮಗೆ ಗೊತ್ತಾ?"

"ನೀನು ಹುಟ್ಟೋಕೆ ಮುಂಚಿನಿಂದ ಕೇಳ್ತಿದ್ದೀನಿ. ನನಗೂ ತಲೆ ಚಿಟ್ಟು ಹಿಡಿದಿದೆ." ಗುರುಗಳು ನಿಟ್ಟುಸಿರು ಬಿಟ್ಟರು. "ಆ ಬಾಯಿ ಯಾರನ್ನಾದ್ರೂ ಕೊಂದಿದೆಯಾ?"

"ಇಲ್ಲ."

"ಮತ್ತೆ ಕೊಲ್ಲೋದು ಯಾವುದು?"

ಹಂಪಣ್ಣ ಯೋಚಿಸಿದ. "ಕೈ."

"ಹಾಗಿದ್ಮೇಲೆ ಬಾಯಿ ಕಡೆ ಯಾಕೆ ತಿರುಗಿದೆ?"

ಹುಣ್ಣಿಮೆಗೆ ಮುಂಚಿನ ಕೊನೆಯ ಸಂತೆ ಬಂತು.

ಈ ಸಲ ಹಂಪಣ್ಣ ಅಜ್ಜನಿಗೆ ಬೆನ್ನು ಮಾಡಿ, ಆದರೆ ಮೈಗೆ ಮೈ ತಾಗುವಷ್ಟು ಹತ್ತಿರ ನಡೆದ. ವೇಷ ಹಾಕಿದ ಮುಖಗಳನ್ನು ನೋಡಿ ಪ್ರಯೋಜನವಿಲ್ಲ. ಕೈಗಳನ್ನು ನೋಡಿದ. ಸೊಪ್ಪು ಕಟ್ಟುವ ಕೈ, ತಕ್ಕಡಿ ಹಿಡಿದ ಕೈ, ಮಗುವಿನ ಮೂಗು ಒರೆಸುವ ಕೈ. ಮುಚ್ಚಿದ ಮುಷ್ಟಿಗಳೂ ಎಷ್ಟೋ ಕಂಡವು. ಯಾವುದರಲ್ಲಿ ಚಿಲ್ಲರೆ, ಯಾವುದರಲ್ಲಿ ಅರಿಶಿನ, ತಿಳಿಯಲಿಲ್ಲ. ಪ್ರತಿಯೊಂದಕ್ಕೂ ಅಜ್ಜನಿಗೂ ನಡುವೆ ತಾನು ನಿಂತ, ಅದು ದೂರ ಹೋಗುವವರೆಗೆ ಕಣ್ಣು ಕೀಳಲಿಲ್ಲ.

"ಕಿವುಡಾದ್ಯೇನೋ? ನಿಮ್ಮವ್ವನ ಮುದ್ದೆ ತಿಂದೇ ಹೀಗಾಗಿದೀಯ!"

ಹಂಪಣ್ಣನ ಕಿವಿ ಕೆಂಪಾಯಿತು. ಕಣ್ಣು ಕದಲಲಿಲ್ಲ.

ಬಲಗಡೆ ಯಾರದೋ ಪಾತ್ರೆಗಳ ಬುಟ್ಟಿ ದಬದಬನೆ ಉರುಳಿತು. ಸಂತೆಗೆ ಸಂತೆಯೇ ಆ ಕಡೆ ತಿರುಗಿತು. ಹಂಪಣ್ಣ ಅಜ್ಜನನ್ನು ಅವುಚಿಕೊಂಡು ಎಡಗಡೆ ನೋಡಿದ.

"ಮೂಳೆ ಮುರೀತೀಯೇನೋ ಕತ್ತೆ!"

ಅಷ್ಟೇ. ಮತ್ತೇನೂ ಆಗಲಿಲ್ಲ. ಬಿಸಿಲು ಏರುವ ಹೊತ್ತಿಗೆ ಇಬ್ಬರೂ ವಾಪಸು ಬಂದರು. ಪಂಚೆ ಹೋದಾಗ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಅಜ್ಜ ಗೊಣಗುತ್ತ ಗುಡಿಸಲಿಗೆ ಹೋದ.

ಹಂಪಣ್ಣನಿಗೆ ಅಳುವೇ ಬಂತು.

"ಇದು ಮೋಸ ಗುರುಗಳೇ! ಕೊನೇ ಸಂತೆ. ಯಾರೂ ಬರಲೇ ಇಲ್ಲ. ಪರೀಕ್ಷೆನೇ ಆಗದೆ ನಾನು ಗೆಲ್ಲೋದು ಹೇಗೆ?"

ಗುರುಗಳು ಹಣೆ ಚಚ್ಚಿಕೊಂಡು, ಆಗಲೇ ಸಂತೆಯಿಂದ ಮರಳಿ ಒಳಗಿದ್ದ ಶಿಷ್ಯರನ್ನು ಕರೆದರು. "ಕೈ ಬಿಚ್ರಪ್ಪ."

ಎಲ್ಲರ ಅಂಗೈಯಲ್ಲೂ ಅರಿಶಿನ ಬೆವರಿಗೆ ನೆನೆದು ಗಟ್ಟಿಯಾಗಿತ್ತು. ಯಾರದೂ ಖರ್ಚಾಗಿರಲಿಲ್ಲ.

"ಹಣ್ಣಿನ ಅಂಗಡಿ ಹತ್ರ ಬಂದೆ," ಒಬ್ಬ ಹೇಳಿದ. "ನೀನು ನನ್ನ ಕೈನೇ ನೋಡ್ತಿದ್ದೆ. ವಾಪಸ್ ಹೋದೆ."

"ಬುಟ್ಟಿ ಬೀಳಿಸಿದ್ದು ನಾನೇ," ಇನ್ನೊಬ್ಬ ಬೇಸರದಿಂದ ಹೇಳಿದ. "ದಂಡವಾಯ್ತು."

ಹಂಪಣ್ಣ ಮೆಟ್ಟಿಲ ಮೇಲೆ ಕೂತ. ಖುಷಿಯಾಗಬೇಕಿತ್ತು, ಆಗಲಿಲ್ಲ.

"ಅಂದ್ರೆ ರಾಜಧಾನಿಯಲ್ಲೂ ಹೀಗೇನಾ? ಜೀವಮಾನವಿಡೀ ಏನೂ ಆಗದ ಹಾಗೆ ನೋಡ್ಕೊಳ್ಳೋದು?"

"ಹೂಂ."

"ಏನೂ ಆಗದಿದ್ರೆ ಯಾರಿಗೆ ಗೊತ್ತಾಗುತ್ತೆ? ಇವತ್ತು ಎಷ್ಟು ಸಲ ಉಳಿದೆ ಅಂತ ಆ ಅಜ್ಜನಿಗೇ ಗೊತ್ತಿಲ್ಲ."

"ಗೊತ್ತಾಗಲ್ಲ."

"ನಿಮಗೆ ಯಾವ ಅಧಿಪತಿನೂ ಒಂದು ಒಳ್ಳೇ ಮಾತು ಹೇಳಲಿಲ್ವಾ?"

"ಒಬ್ಬ ಹೇಳಿದ. ನೀನು ಅಡ್ಡ ನಿಂತು ಗಾಳಿ ಬರ್ತಿಲ್ಲ ಅಂತ."

ಗುರುಗಳು ಒಳಗೆ ಹೋಗಿ, ಹಂಪಣ್ಣ ಅಂದು ಎಸೆದಿದ್ದ ಪಟ್ಟಿಯನ್ನು ತಂದು ತಾವೇ ಅವನ ಸೊಂಟಕ್ಕೆ ಬಿಗಿದರು.

"ಹುಣ್ಣಿಮೆಗೆ ದೋಣಿ ಹತ್ತು."

ಹಂಪಣ್ಣ ಅವರ ಕಾಲಿಗೆ ಬಿದ್ದು ಎದ್ದ. ಆದರೂ ಮನಸ್ಸು ತಡೆಯಲಿಲ್ಲ.

"ಕೆಲಸ ಸರಿಯಾಗಿ ಮಾಡಿದೀನಿ ಅಂತ ನನಗಾದ್ರೂ ಹೇಗೆ ಗೊತ್ತಾಗಬೇಕು ಗುರುಗಳೇ?"

ಬೇಲಿಯ ಆಚೆ ತಿಪ್ಪಜ್ಜನ ಗಂಟಲು ಏರಿತ್ತು. ಆ ದಂಡಪಿಂಡ ಅವುಚಿಕೊಂಡು ತನ್ನ ಬಾಳೆಹಣ್ಣೆಲ್ಲ ಹಿಚುಕಿ ಹೋಯಿತಂತೆ. ಆ ನಾಡಿನವರನ್ನು ನಂಬಿ ಸಂತೆಗೆ ಹೋದದ್ದೇ ತಪ್ಪಂತೆ.

ಗುರುಗಳು ಸ್ವಲ್ಪ ಹೊತ್ತು ಕಿವಿಗೊಟ್ಟರು.

"ಕೇಳಿಸ್ತಾ ಇದೆಯಲ್ಲ," ಎಂದರು. "ಇನ್ನೂ ಬಯ್ತಾ ಇದ್ದಾನೆ."